ಸೋಲ್ಲಿ ಬಿಡ್ರಿ ಅನ್ನುವ ಮಾತು

2024ರ ಏಪ್ರಿಲ್ 21, ಭಾನುವಾರ. ಕೋಲ್ಕತ್ತದಲ್ಲಿ ಆರ್‌ಸಿಬಿ ಒಂದೇ ಒಂದು ರನ್ನಿನಿಂದ ಸೋತಿತು. ಎಂಟು ಪಂದ್ಯದಲ್ಲಿ ಅದು ಏಳನೇ ಸೋಲು. ನಮ್ಮ ಕಲಬುರಗಿ ಜಿಲ್ಲೆಯ ಭಂಕೂರಿನ ಚಹಾದಂಗಡಿಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದ ಮೊಬೈಲನ್ನು ಹುಡುಗನೊಬ್ಬ ತೆಗೆದು ಬೋರಲು ಹಾಕಿದ. ಫರ್ಸಿ ಪಾಲಿಶ್ ಮಾಡುವ ಹುಡುಗ. ಮೊಣಕೈತನಕ ಕಲ್ಲಿನ ಬೂದು ರಾಡಿ ಒಣಗಿ ಪದರಾಗಿ ಅಂಟಿಕೊಂಡಿತ್ತು. ಕೊನೆಯ ಓವರಿನಲ್ಲಿ ಕರ್ಣ ಶರ್ಮಾ ಮೂರು ಸಿಕ್ಸರ್ ಹೊಡೆದಾಗ ಬೆಂಚಿನ ಮೇಲೆ ಎದ್ದು ನಿಂತಿದ್ದವನೂ ಅವನೇ.

"ಸೋಲ್ಲಿ ಬಿಡ್ರಿ ಕಾಕಾ," ಅಂದ. "ಉಳದದ್ದೂ ಎಲ್ಲಾ ಸೋಲ್ಲಿ. ತಳಕ್ಕ ಹೋದ್ರ ಮಾಲಕರಿಗಿ ಬುದ್ಧಿ ಬರ್ತದ. ಮುಂದಿನ ವರ್ಷ ಮೆಗಾ ಹರಾಜು ಅದ, ಎಲ್ಲರ್ನೂ ಕಿತ್ತಿ ಹೊಸಾ ಟೀಮ್ ಕಟ್ತಾರ."

ಸಿಟ್ಟಿನ ಮಾತು ಅಂತ ತಳ್ಳಿಹಾಕಬಹುದಿತ್ತು. ಆದರೆ ಅದರಲ್ಲಿ ಒಂದು ಲೆಕ್ಕ ಇತ್ತು, ಲೆಕ್ಕ ಇರುವ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಅಂದಿನಿಂದ ಈ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ: ತನ್ನ ತಂಡ ಸೋಲಲಿ ಅಂತ ಒಬ್ಬ ಅಭಿಮಾನಿ ಬಯಸಬಹುದೇ? ಮುಂದೆ ಒಳ್ಳೆಯದಾಗುತ್ತೆ ಅಂತಿದ್ದರೂ?

ಈ ವಾದ ಹುಟ್ಟಿದ್ದು ನಮ್ಮ ಕಡೆ ಅಲ್ಲ, ಅಮೆರಿಕದಲ್ಲಿ. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಮೇಲೆ ಬಿದ್ದು ಕೆಡವುವ ಆಟ. ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ಅಲ್ಲಿ ಹರಾಜು ಹಾಕುವುದಿಲ್ಲ, ಸರದಿಯ ಮೇಲೆ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. 1936ರಿಂದ ನಡೆದುಬಂದ ಪದ್ಧತಿ. ಬಡ ತಂಡ ಬಡವಾಗಿಯೇ ಉಳಿಯಬಾರದು ಅನ್ನುವ ಒಳ್ಳೆಯ ಉದ್ದೇಶದ್ದು. ಆದರೆ ಸೋತವರಿಗೆ ಬಹುಮಾನ ಅಂತಾದ ಮೇಲೆ ಸೋಲಿಗೂ ಗಿರಾಕಿ ಹುಟ್ಟಿಕೊಳ್ಳುತ್ತಾರೆ.

2020ರಲ್ಲಿ ನಡೆದದ್ದು ಕೇಳಿ. ನ್ಯೂಯಾರ್ಕ್ ಜೆಟ್ಸ್ ಅಂತ ಒಂದು ತಂಡ. ಹೆಸರು ನ್ಯೂಯಾರ್ಕಿನದಾದರೂ ಆಡುವುದು ನ್ಯೂಜೆರ್ಸಿಯಲ್ಲಿ. ಆ ವರ್ಷ ಜೆಟ್ಸ್ ಸಾಲಾಗಿ 13 ಪಂದ್ಯ ಸೋತಿತ್ತು. ಟ್ರೆವರ್ ಲಾರೆನ್ಸ್ ಎಂಬ ಕಾಲೇಜು ಹುಡುಗ ದೊಡ್ಡ ಆಟಗಾರ ಆಗುತ್ತಾನೆ ಅಂತ ದೇಶಕ್ಕೇ ಗೊತ್ತಿತ್ತು. ಇನ್ನು ಮೂರು ಸೋತರೆ ಅವನು ಜೆಟ್ಸ್ ಪಾಲು. ಡಿಸೆಂಬರ್ 20ರಂದು ಲಾಸ್ ಏಂಜಲೀಸಿನಲ್ಲಿ, ಯಾರೂ ನಿರೀಕ್ಷಿಸದ ಹಾಗೆ, ತಂಡ 23–20ರಿಂದ ಗೆದ್ದುಬಿಟ್ಟಿತು. ಮೈದಾನದಲ್ಲಿ ಆಟಗಾರರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿದರೆ, ಅದೇ ತಂಡದ ಎಷ್ಟೋ ಅಭಿಮಾನಿಗಳು ಮನೆಯಲ್ಲಿ ತಲೆ ಚಚ್ಚಿಕೊಂಡರು. ಲಾರೆನ್ಸ್ ಜಾಕ್ಸನ್‌ವಿಲ್ ತಂಡಕ್ಕೆ ಹೋದ.

ಆ ಆಟಗಾರರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಹದಿಮೂರು ಸಲ ನೆಲಕ್ಕೆ ಬಿದ್ದು ಎದ್ದು ಬಂದಿದ್ದಾರೆ. ಮುಂದಿನ ವರ್ಷ ತಂಡದಲ್ಲಿ ಇರುತ್ತೇವೋ ಇಲ್ಲವೋ ತಿಳಿಯದು. ಕೊನೆಗೆ ಒಂದು ಗೆಲುವು ಸಿಕ್ಕಿದೆ, ಅದನ್ನು ಬೇಡ ಅನ್ನುವವರು ಎದುರಾಳಿಗಳಲ್ಲ, ಸ್ವಂತ ತಂಡದ ಅಂಗಿ ತೊಟ್ಟವರು. ಇದಕ್ಕಿಂತ ಕೆಟ್ಟ ಸೋಲು ನನಗೆ ಗೊತ್ತಿಲ್ಲ.

ಇಷ್ಟಾಗಿ ಆ ಲೆಕ್ಕವಾದರೂ ಸರಿಯೇ? ಡೆಟ್ರಾಯ್ಟ್ ತಂಡ 2008ರಲ್ಲಿ ಹದಿನಾರಕ್ಕೆ ಹದಿನಾರೂ ಸೋತು ಮೊದಲ ಸರದಿಯಲ್ಲಿ ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತಂದಿತು. ಒಳ್ಳೆಯ ಆಟಗಾರನೇ. ಹನ್ನೆರಡು ವರ್ಷ ಅಲ್ಲಿ ಆಡಿದ, ನಾಕೌಟಿನಲ್ಲಿ ಒಂದೇ ಒಂದು ಪಂದ್ಯ ಗೆಲ್ಲಿಸಲಾಗಲಿಲ್ಲ. ಬೇರೆ ತಂಡಕ್ಕೆ ಹೋದ ಮೊದಲ ವರ್ಷವೇ ಕಪ್ ಎತ್ತಿದ. ಆ ಆಟದ ಬಹುದೊಡ್ಡ ಹೆಸರು ಟಾಮ್ ಬ್ರಾಡಿ. ಅವನನ್ನು ಆರಿಸಿದ್ದು 2000ದಲ್ಲಿ, 199ನೇ ಸರದಿಯಲ್ಲಿ. ಬಾಸ್ಕೆಟ್‌ಬಾಲಿನಲ್ಲಿ ಬೇಕಂತಲೇ ಸೋಲುವ ಚಾಳಿ ಹೆಚ್ಚಿ, 1985ರಿಂದ ಚೀಟಿ ಎತ್ತುವ ಕ್ರಮ ತರಬೇಕಾಯಿತು. ಆಮೇಲೂ ಫಿಲಡೆಲ್ಫಿಯಾ ತಂಡ ಭವಿಷ್ಯ ಕಟ್ಟುತ್ತೇವೆ ಅಂತ ವರ್ಷಗಟ್ಟಲೆ ಸೋತು, 2015–16ರಲ್ಲಿ 82ರಲ್ಲಿ ಹತ್ತೇ ಪಂದ್ಯ ಗೆದ್ದಿತು. ಅವರು ಕಾದ ಕಪ್ ಆ ದಾರಿಯಲ್ಲಿ ಬರಲಿಲ್ಲ.

ಹುಡುಗ ಹೇಳಿದ ಹರಾಜಿನ ಮಾತಿಗೆ ಬರೋಣ. ಐಪಿಎಲ್ ಹರಾಜಿನಲ್ಲಿ ಕೊನೆಗೆ ನಿಂತವರಿಗೆ ಯಾವ ರಿಯಾಯಿತಿಯೂ ಇಲ್ಲ. 2025ರ ತಂಡಕ್ಕಾಗಿ ಎಲ್ಲ ಹತ್ತು ಮಾಲೀಕರಿಗೂ ಕೊಟ್ಟದ್ದು ಒಂದೇ ಮೊತ್ತ, 120 ಕೋಟಿ ರೂಪಾಯಿ. ಕಪ್ ಗೆದ್ದ ಕೋಲ್ಕತ್ತಕ್ಕೂ ಅಷ್ಟೇ, ತಳದಲ್ಲಿದ್ದವರಿಗೂ ಅಷ್ಟೇ. ನಮ್ಮಲ್ಲಿ ಸೋಲಿಗೆ ನಾಲ್ಕಾಣೆ ಬೆಲೆಯೂ ಇಲ್ಲ. ಹಾಗಿದ್ದೂ ಸೋಲಲಿ ಅನ್ನುವುದು ಬರೀ ನೋವಿನ ಮಾತು.

ಸೋಲಿನಿಂದ ಲಾಭ ಇಲ್ಲ ಅಂತ ಅವತ್ತೂ ಹೇಳಿದ್ದೆ. ಹುಡುಗ ಬಿಡಲಿಲ್ಲ. "ಹೊಲಾನ ಒಂದು ವರ್ಷ ಖಾಲಿ ಬಿಡಲ್ಲೇನ್ರಿ? ಹಂಗೇ ಇದು," ಅಂದ. ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಕೂತಿದ್ದ ಮುತ್ಯಾ ಉತ್ತರ ಕೊಟ್ಟ: "ತಮ್ಮಾ, ಹಿಂಗಾರಿ ಜೋಳಕ್ಕ ಬಿಟ್ಟ ಹೊಲಾನೂ ಸುಮ್ನ ಬಿಡಲ್ಲ. ಮಳಿಗಾಲ ಪೂರಾ ಕುಂಟಿ ಹೊಡಿಬೇಕು. ಸುಮ್ನ ಬಿಟ್ಟರ ಕಸ ಬೆಳಿತದ, ಜೋಳ ಅಲ್ಲ." ಕ್ರಿಕೆಟ್ಟಿನ ಗಂಧಗಾಳಿ ಇಲ್ಲದ ಮುದುಕನ ಮಾತು ಅದು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಸೋಲೂ ರೂಢಿಯಾಗುತ್ತದೆ. ಕ್ಯಾಚು ಬಿಟ್ಟರೂ ನಡೆಯುತ್ತೆ ಅನ್ನುವ ಮನಸ್ಸು ಒಮ್ಮೆ ಬಂದರೆ ಹರಾಜಿನಲ್ಲಿ ಎಂಥವನನ್ನು ತಂದರೂ ಅವನೂ ಅದನ್ನೇ ಕಲಿಯುತ್ತಾನೆ.

ಆಮೇಲೆ ಏನಾಯಿತು ನೋಡಿ. ನಾಲ್ಕೇ ದಿನಕ್ಕೆ, ಏಪ್ರಿಲ್ 25ರಂದು ಹೈದರಾಬಾದಿನಲ್ಲಿ ಪಂದ್ಯ. ಅದೇ ಹೈದರಾಬಾದ್ ತಂಡ ಹತ್ತು ದಿನದ ಹಿಂದೆ ಚಿನ್ನಸ್ವಾಮಿಯಲ್ಲಿ ನಮ್ಮವರ ಮೇಲೆ 287 ರನ್ ಬಾರಿಸಿತ್ತು. ಅವರ ಊರಿನಲ್ಲೇ ಅವರನ್ನು 35 ರನ್ನಿನಿಂದ ಸೋಲಿಸಿದರು. ರಜತ್ ಪಾಟೀದಾರ್ 20 ಎಸೆತಕ್ಕೆ 50 ಹೊಡೆದ. ಒಂದೇ ಓವರಿನಲ್ಲಿ ಸಾಲಾಗಿ ನಾಲ್ಕು ಸಿಕ್ಸರ್. ಅಲ್ಲಿಂದ ಆರಕ್ಕೆ ಆರೂ ಗೆದ್ದರು. ಮೇ 18ರ ರಾತ್ರಿ ಚೆನ್ನೈ ಎದುರು ಕೊನೆಯ ಓವರ್. ಪ್ಲೇ-ಆಫ್‌ಗೆ ಹೋಗಲು ಚೆನ್ನೈಗೆ 17 ರನ್ ಸಾಕಿತ್ತು. ಯಶ್ ದಯಾಳ್‌ನ ಮೊದಲ ಎಸೆತವನ್ನು ಧೋನಿ ಸ್ಟೇಡಿಯಮ್ಮಿನ ಆಚೆಗೆ ಕಳಿಸಿದ, ಎರಡನೆಯದಕ್ಕೆ ಔಟಾದ. ಉಳಿದ ನಾಲ್ಕು ಎಸೆತದಲ್ಲಿ ಬಂದದ್ದು ಒಂದೇ ರನ್. ಹಿಂದಿನ ವರ್ಷ ಗುಜರಾತ್ ಪರ ಆಡುವಾಗ ರಿಂಕು ಸಿಂಗ್ ಕೈಯಲ್ಲಿ ಕೊನೆಯ ಓವರಿನಲ್ಲಿ ಐದು ಸಿಕ್ಸರ್ ತಿಂದಿದ್ದ ಬೌಲರ್ ಇವನೇ.

ಆ ಅಕ್ಟೋಬರಿನಲ್ಲಿ ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು ಮಾತ್ರ: ಕೊಹ್ಲಿ, ಪಾಟೀದಾರ್, ದಯಾಳ್. 2022ರ ಹರಾಜಿನಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದ ಪಾಟೀದಾರ್, ಗಾಯಾಳು ಒಬ್ಬನ ಬದಲಿಗೆ ಬಂದವನು, 2025ಕ್ಕೆ ನಾಯಕನಾದ. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿ ಕಪ್ ಎತ್ತಿದ. ಹದಿನೆಂಟನೇ ಸೀಸನ್ನಿಗೆ. ಹುಡುಗ ಬೇಡಿಕೊಂಡಂತೆ ಉಳಿದದ್ದೆಲ್ಲ ಸೋತಿದ್ದರೆ ಪಾಟೀದಾರ್ ಉಳಿಯುತ್ತಿದ್ದನೋ ಇಲ್ಲವೋ. ಮುಂದಿನ ವರ್ಷದ ತಂಡದ ಬೇರು ಹೋದದ್ದು ಹಿಂದಿನ ವರ್ಷದ ಆ ಆರು ಗೆಲುವಿನೊಳಗೆ ಅಂತ ನಾನು ನಂಬುತ್ತೇನೆ. (ಕಪ್ ಗೆದ್ದ ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಕಪ್ಪಿನ ಮಾತು ಎತ್ತಿದಾಗ ಅವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.)

ಹೈದರಾಬಾದ್ ಅಂದಾಗ ನಮ್ಮ ಕಡೆಯ ಒಂದು ಸಂಕಟ ಹೇಳಬೇಕು. ಬೆಂಗಳೂರು ನಮಗೆ ಒಂದು ರಾತ್ರಿಯ ರೈಲು ಪಯಣ. ಹೈದರಾಬಾದಿಗೆ ವಾಡಿಯಲ್ಲಿ ರೈಲು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದು. 1948ರ ತನಕ ನಾವು ನಿಜಾಮನ ಸಂಸ್ಥಾನದವರೇ. ಇವತ್ತಿಗೂ ದೊಡ್ಡ ದವಾಖಾನೆ, ಮದುವೆ ಜವಳಿ, ಮೇಸ್ತ್ರಿ ಕೆಲಸ ಅಂದರೆ ಸೇಡಂ, ಚಿಂಚೋಳಿ ಕಡೆಯವರಿಗೆ ಮೊದಲು ನೆನಪಾಗುವುದು ಆ ಊರೇ. ಆದರೆ ಆಟ ಅಂದಾಗ ಮನಸ್ಸು ಬೆಂಗಳೂರಿನ ಕಡೆಗೆ. ಫೈನಲಿನಲ್ಲಿ ಆರ್‌ಸಿಬಿ ಹೈದರಾಬಾದಿನ ಕೈಯಲ್ಲಿ ಎರಡು ಸಲ ಸೋತಿದೆ: 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಆರು ರನ್ನಿನಿಂದ, 2016ರಲ್ಲಿ ಸನ್‌ರೈಸರ್ಸ್ ಎದುರು ಎಂಟು ರನ್ನಿನಿಂದ. 2009ರ ಫೈನಲನ್ನು ನಾನು ಮರೆಯಲಾರೆ. ಕುಂಬ್ಳೆ ಮೊದಲ ಓವರಿನಲ್ಲೇ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಕೆಡವಿ, 16 ರನ್ನಿಗೆ ನಾಲ್ಕು ವಿಕೆಟ್ ತೆಗೆದು, ಪಂದ್ಯಶ್ರೇಷ್ಠನೂ ಆಗಿ, ಸೋತ ನಾಯಕನಾಗಿ ನಿಂತಿದ್ದ. 2008ರಲ್ಲಿ ಎಂಟು ತಂಡಗಳ ಪೈಕಿ ಡೆಕ್ಕನ್ ಎಂಟನೆಯದು, ಬೆಂಗಳೂರು ಏಳನೆಯದು. ತಳದ ಆ ಎರಡೂ ತಂಡ ಮರುವರ್ಷ ಫೈನಲ್ ಆಡಿದವು. ಸೋತದ್ದಕ್ಕೆ ಯಾರೂ ಅವರಿಗೆ ಉಡುಗೊರೆ ಕೊಟ್ಟಿರಲಿಲ್ಲ.

ನಮ್ಮ ದೇಶದ ಫುಟ್‌ಬಾಲಿನಲ್ಲಂತೂ ಕಥೆ ಬೇರೆ. ಹೈದರಾಬಾದ್ ಎಫ್‌ಸಿ 2021–22ರ ಐಎಸ್‌ಎಲ್ ಚಾಂಪಿಯನ್. ಎರಡೇ ವರ್ಷಕ್ಕೆ, ಸಂಬಳದ ತಕರಾರಿನಲ್ಲಿ ಹೆಚ್ಚಿನ ಆಟಗಾರರು ಬಿಟ್ಟುಹೋಗಿ, 2023–24ರಲ್ಲಿ 22 ಪಂದ್ಯದಲ್ಲಿ ಗೆದ್ದದ್ದು ಒಂದು. ಆಗ ಕೆಳಗಿನ ಲೀಗಿಗೆ ತಳ್ಳುವ ಶಿಕ್ಷೆಯೂ ಇರಲಿಲ್ಲ, ಹೊಸ ಹುಡುಗ ಮೊದಲು ಸಿಗುವ ಲಾಭವೂ ಇರಲಿಲ್ಲ. ಖಾಲಿ ತಂಡದಲ್ಲಿ ಉಳಿದ ಎಳೆಯ ಹುಡುಗರು ವಾರ ವಾರ ಮೈದಾನಕ್ಕೆ ಇಳಿದು ಸೋಲುತ್ತಿದ್ದರು. ಅವರು ಇನ್ನೂ ಸೋಲಲಿ, ಮಾಲೀಕರಿಗೆ ಬುದ್ಧಿ ಬರಲಿ ಅನ್ನುವುದಾದರೆ, ತಪ್ಪು ಯಾರದು, ಪೆಟ್ಟು ಯಾರಿಗೆ?

ಇನ್ನೊಂದು ನಮೂನೆಯ ಸೋಲಿನ ಆಸೆಯೂ ಉಂಟು, ನೆರೆಯವನು ಹಾಳಾಗಲಿ ಅನ್ನುವುದು. 2024ರ ಮೇ 14ರಂದು ಲಂಡನ್ನಿನಲ್ಲಿ ಟಾಟನಮ್ ತಂಡ ಮ್ಯಾಂಚೆಸ್ಟರ್ ಸಿಟಿಯ ಜೊತೆ ಆಡುತ್ತಿತ್ತು. ಟಾಟನಮ್ ಗೆದ್ದರೆ ಅಥವಾ ಡ್ರಾ ಮಾಡಿಕೊಂಡರೆ ಅದರ ಹುಟ್ಟು ವೈರಿ ಆರ್ಸೆನಲ್‌ಗೆ ಪಟ್ಟದ ದಾರಿ ಸಲೀಸು. ಹಾಗಾಗಿ ಟಾಟನಮ್ಮಿನ ಅಭಿಮಾನಿಗಳು ಎಷ್ಟೋ ಮಂದಿ ತಮ್ಮದೇ ಮೈದಾನದಲ್ಲಿ ಕೂತು ತಮ್ಮವರ ಸೋಲು ಬಯಸಿದರು. ಸಿಟಿ 2–0ಯಿಂದ ಗೆದ್ದಿತು, ಟಾಟನಮ್‌ನ ಚಾಂಪಿಯನ್ಸ್ ಲೀಗ್ ಆಸೆ ಅಲ್ಲಿಗೆ ಮುಗಿಯಿತು. ತರಬೇತುದಾರ ಪೊಸ್ಟೆಕೊಗ್ಲು ಅವತ್ತು ಸಿಟ್ಟಾದದ್ದು ನ್ಯಾಯವೇ.

ನಮ್ಮವರೂ ಲೆಕ್ಕಕ್ಕಾಗಿ ಬೇರೆಯವರ ಗೆಲುವು ಬೇಡಿದ್ದುಂಟು. 2022ರ ಮೇ 21ರಂದು ಮುಂಬೈ ದೆಹಲಿಯನ್ನು ಸೋಲಿಸಿದರೆ ಮಾತ್ರ ಆರ್‌ಸಿಬಿಗೆ ಪ್ಲೇ-ಆಫ್. ಕೆಂಪು ಅಂಗಿಯವರೆಲ್ಲ ಅವತ್ತು ಮುಂಬೈ ಕಡೆ. ಟಿಮ್ ಡೇವಿಡ್ 11 ಎಸೆತಕ್ಕೆ 34 ಹೊಡೆದಾಗ ಇದೇ ಚಹಾದಂಗಡಿಯಲ್ಲಿ ಕೂಗು ಮುಗಿಲು ಮುಟ್ಟಿತ್ತು. ಇದರಲ್ಲಿ ತಪ್ಪೇನೂ ನನಗೆ ಕಾಣಿಸುವುದಿಲ್ಲ. ಪರರ ಗೆಲುವಿಗೆ ಹರಕೆ ಹೊತ್ತದ್ದು ನಮ್ಮವರು ಮುಂದೆ ಹೋಗಲಿ ಅಂತ. ನಮ್ಮವರ ಸೋಲಿಗೇ ಹರಕೆ ಹೊರುವುದು ಬೇರೆ.

ಆಡುವವರೇ ಸೋಲಲು ಹೊರಟರೆ ಏನಾಗುತ್ತದೆ ಅನ್ನುವುದನ್ನೂ ಜಗತ್ತು ನೋಡಿದೆ. 2012ರ ಲಂಡನ್ ಒಲಿಂಪಿಕ್ಸ್ ಬ್ಯಾಡ್ಮಿಂಟನ್. ಮುಂದೆ ಸುಲಭದ ಎದುರಾಳಿ ಸಿಗಲಿ ಅಂತ ಚೀನಾ, ಕೊರಿಯಾ, ಇಂಡೋನೇಷ್ಯಾದ ನಾಲ್ಕು ಜೋಡಿಗಳು ಬೇಕಂತಲೇ ಶಟ್ಲನ್ನು ನೆಟ್ಟಿಗೆ ಹೊಡೆದರು. ಟಿಕೆಟ್ ಕೊಟ್ಟು ಬಂದವರು ಛೀ ಥೂ ಅಂತ ಕೂಗಿದರು. ಎಂಟೂ ಆಟಗಾರ್ತಿಯರನ್ನು ಹೊರಗೆ ಹಾಕಲಾಯಿತು. ಅದೇ ಕೂಟದಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ, ಹೈದರಾಬಾದಿನ ಜ್ವಾಲಾ ಗುಟ್ಟಾ ಜೋಡಿ ಗುಂಪಿನಲ್ಲಿ ಎರಡು ಪಂದ್ಯ ಗೆದ್ದೂ ಕೂದಲೆಳೆಯಲ್ಲಿ ಹೊರಬಿತ್ತು. ಜಪಾನಿನವರು ಬೇಕಂತ ಸೋತರು ಅಂತ ಭಾರತ ದೂರಿತ್ತು, ದೂರು ನಿಲ್ಲಲಿಲ್ಲ. ಒಬ್ಬರು ಸೋಲನ್ನು ಆಯ್ದುಕೊಂಡರೆ ನಷ್ಟ ಅವರೊಬ್ಬರಿಗೇ ಅಲ್ಲ.

ಜಾತ್ರೆಯ ಕಬಡ್ಡಿಯಲ್ಲಿ, ಶಾಲೆಯ ಬಯಲಿನ ಟೆನ್ನಿಸ್ ಬಾಲ್ ಟೂರ್ನಿಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ನಮ್ಮೂರ ತಂಡ ಎಂಟು ವಿಕೆಟ್ ಕಳೆದುಕೊಂಡು ಇನ್ನೂ ಐವತ್ತು ರನ್ ಬೇಕಿದ್ದಾಗಲೂ ಸೋಲಲಿ ಅನ್ನುವವನೊಬ್ಬ ಸಿಗಲಾರ. ಬ್ಯಾಟ್ ಹಿಡಿದು ನಿಂತವನು ಯಾರದೋ ಅಳಿಯ, ಯಾರದೋ ತಮ್ಮ. ಬೆಳಿಗ್ಗೆ ಸಿಮೆಂಟ್ ಫ್ಯಾಕ್ಟರಿಯ ಶಿಫ್ಟ್ ಮುಗಿಸಿ ನಿದ್ದೆಗೆಟ್ಟು ಬಂದವನು. ಮುಖ ಗೊತ್ತಿದ್ದವನ ಸೋಲನ್ನು ಬಯಸುವುದು ಕಷ್ಟ. ಪರದೆಯ ಮೇಲೆ ನೋಡುವ ಆಟಗಾರ ನಮಗೆ ಬರೀ ಕೋಟಿಯ ಅಂಕಿಯಾಗಿ ಕಾಣುತ್ತಾನೆ, ಆಗಲೇ ಇಂಥ ಮಾತು ಬಾಯಿಗೆ ಬರುವುದು.

ಆಟಗಾರರ ಮುಖ ನೋಡುವ ಅವಕಾಶವೇ ಇಲ್ಲಿನವರಿಗೆ ಕಡಿಮೆ. 2022ರಲ್ಲಿ ರಾಜ್ಯದ ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿ ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್. ನಮ್ಮ ಜಿಲ್ಲೆಯ ಹಳೆಯ ಹೆಸರು, ನಾಯಕ ಮನೀಷ್ ಪಾಂಡೆ. ಪಂದ್ಯ ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಇಲ್ಲಿನ ಎಷ್ಟೋ ಹುಡುಗರಿಗೆ ಕಪ್ ಬಂದದ್ದು ಮರುದಿನ ಪೇಪರಿನಲ್ಲಿ ಗೊತ್ತಾಯಿತು. ರಾಜ್ಯ ಕ್ರಿಕೆಟ್ ಸಂಸ್ಥೆಯವರಲ್ಲಿ ನನ್ನ ಕೇಳಿಕೆ ಇಷ್ಟು: ವರ್ಷಕ್ಕೆ ಎರಡೇ ಪಂದ್ಯವಾದರೂ ಕಲಬುರಗಿಗೆ ತನ್ನಿ. ಚಿತ್ತಾಪುರ, ಚಿಂಚೋಳಿ, ಭಂಕೂರಿನ ಹುಡುಗರು ಬೇಲಿಯ ಪಕ್ಕ ನಿಂತು ಆ ಆಟಗಾರರ ಬೆವರು ನೋಡಲಿ. ಹುಡುಗರಿಗೆ ನನ್ನ ಮಾತು ಬೇರೆ ಇದೆ. ಮಾಲೀಕರ ಮೇಲೆ ಸಿಟ್ಟಿದ್ದರೆ ಅವರ ಜರ್ಸಿ ಕೊಳ್ಳಬೇಡಿ, ಟಿಕೆಟ್ ಕೊಳ್ಳಬೇಡಿ, ಕೆಟ್ಟ ಆಯ್ಕೆಯನ್ನು ಬಾಯಿತುಂಬ ಬೈಯಿರಿ. ತಂಡ ಮೈದಾನಕ್ಕೆ ಇಳಿದ ಮೇಲೆ ಮಾತ್ರ ಗೆಲ್ಲಲಿ ಅನ್ನಿ.