ಒಂದೇ ನದಿ, ಎರಡು ಲೆಕ್ಕ

ಮಳೆ ನಿಂತು ತೋಡಿನ ನೀರು ಇಳಿಯತೊಡಗಿದರೆ ಶಂಕರನಾರಾಯಣದ ಕಡೆಯ ನಮ್ಮ ಬೈಲುಗಳಲ್ಲಿ ಕಟ್ಟ ಕಟ್ಟುವ ಮಾತು ಏಳುತ್ತಿತ್ತು. ಮಣ್ಣು ಹೊರುವವರು ಯಾರು, ಗೂಟ ತರುವವರು ಯಾರು, ಕೂಡುವುದು ಯಾವ ದಿನ, ನೀರು ಮೊದಲು ಯಾರ ಗದ್ದೆಗೆ ಎಂಬುದೆಲ್ಲ ಜಗಲಿಯ ಮೇಲೆಯೇ ತೀರ್ಮಾನವಾಗುತ್ತಿತ್ತು. ತಡವಾದರೆ ಸುಗ್ಗಿ ಬೆಳೆ ಒಣಗುತ್ತಿತ್ತು. ತಪ್ಪಿದವರು ಯಾರೆಂದು ಊರಿಗೆಲ್ಲ ತಿಳಿಯುತ್ತಿತ್ತು. ಇದನ್ನು ನಾವು ಯೋಜನೆ ಎಂದು ಕರೆಯುತ್ತಿರಲಿಲ್ಲ, ಅಷ್ಟೆ.

ಇದೇ ಸೀಮೆಯ ವಾರಾಹಿ ನದಿಯ ಮೇಲೆ ಸರಕಾರಿ ಒಡೆತನದ ಎರಡು ನಿಗಮಗಳು ಕೆಲಸ ಮಾಡಿವೆ. 1970ರಲ್ಲಿ ಹುಟ್ಟಿದ ಈಗಿನ ಕರ್ನಾಟಕ ವಿದ್ಯುತ್ ನಿಗಮವು ಘಟ್ಟದ ಮೇಲೆ ಮಾಣಿಯಲ್ಲಿ ಅಣೆಕಟ್ಟು ಕಟ್ಟಿ, ಕೆಳಗೆ ಹೊಸಂಗಡಿಯಲ್ಲಿ ನೆಲದಡಿಯ ವಿದ್ಯುದಾಗಾರ ನಿರ್ಮಿಸಿತು. 1989ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 2009ರಲ್ಲಿ ಇನ್ನೆರಡು ಘಟಕ ಸೇರಿ ಸಾಮರ್ಥ್ಯ 460 ಮೆಗಾವ್ಯಾಟ್‌ಗೆ ಏರಿತು.

ಆ ವಿದ್ಯುದಾಗಾರದಿಂದ ಹೊರಬರುವ ನೀರನ್ನೇ ಸಿದ್ದಾಪುರದ ಬಳಿ ಹೊರಿಯಬ್ಬೆಯಲ್ಲಿ ತಡೆದು, 15,702 ಹೆಕ್ಟೇರ್ ಭೂಮಿಗೆ ಹರಿಸುವುದು ವಾರಾಹಿ ನೀರಾವರಿ ಯೋಜನೆ. 1979ರಲ್ಲಿ ಅದರ ಅಂದಾಜು 9.43 ಕೋಟಿ ರೂಪಾಯಿ. ಮರುವರ್ಷವೇ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಕಾಲುವೆಯ ಹಾದಿಯಲ್ಲಿ ಕಾಡಿತ್ತು, ಖಾಸಗಿ ಜಮೀನಿತ್ತು. 1998ರಲ್ಲಿ ಸ್ಥಾಪನೆಯಾದ ಕರ್ನಾಟಕ ನೀರಾವರಿ ನಿಗಮದ ಪಾಲಿಗೆ ಕೆಲಸ ಬರುವಾಗ ಕಾಲ ಬಹಳ ಸರಿದಿತ್ತು. ಎಡದಂಡೆ ಕಾಲುವೆಗೆ ನೀರು ಇಳಿದದ್ದು 2015ರಲ್ಲಿ. ಆ ಹೊತ್ತಿಗೆ ಅಂದಾಜು ನೂರಾರು ಕೋಟಿಗೆ ಬೆಳೆದಿತ್ತು.

ಹಾಗಾದರೆ ಒಂದು ನಿಗಮ ಜಾಣ, ಇನ್ನೊಂದು ದಡ್ಡ ಎನ್ನೋಣವೇ? ಅದು ನ್ಯಾಯವಲ್ಲ. ವಿದ್ಯುತ್ತಿಗೆ ಗುರಿ ಒಂದೇ, ದಿನದಿನವೂ ಅಳೆಯಬಹುದಾದ ಯೂನಿಟ್. ಕಾಲುವೆಯ ಒಂದೊಂದು ಮೈಲಿಯ ಕೀಲಿಕೈಯೂ ಒಂದೊಂದು ಇಲಾಖೆಯ ಬಳಿ. ಎಷ್ಟು ಹೆಕ್ಟೇರ್ ಎಂದು ಬರೆದವರು, ಯಾವ ಅನುಮತಿಯನ್ನು ಯಾರು ಎಷ್ಟರೊಳಗೆ ತರಬೇಕೆಂದು ಬರೆಯದಿದ್ದರೆ ಅದು ಯೋಜನೆಯಲ್ಲ, ಆಸೆ. ಕೇಂದ್ರದ ಉದ್ಯಮಗಳ ಬಗ್ಗೆ 1984ರಲ್ಲಿ ಅರ್ಜುನ್ ಸೇನ್‌ಗುಪ್ತಾ ಸಮಿತಿ ಹೇಳಿದ್ದರ ಸಾರವೂ ಇದಕ್ಕೆ ಹತ್ತಿರ. ಸರಕಾರ ಮತ್ತು ಉದ್ಯಮ ಗುರಿಗಳನ್ನು ಮೊದಲೇ ಒಪ್ಪಂದವಾಗಿ ಬರೆದುಕೊಳ್ಳಬೇಕು, ಆಮೇಲೆ ಅದರಂತೆ ಅಳೆಯಬೇಕು. ಅದರಿಂದ ಬಂದ ಒಡಂಬಡಿಕೆ ಪದ್ಧತಿ ಸರಕಾರದ ಹೊಣೆಯನ್ನೂ ಕಾಗದಕ್ಕೆ ತಂದಿತು.

ಆದರೆ ಅಳತೆಗೂ ಒಂದು ಕುರುಡಿದೆ. ಬೇಡಿಕೆ ಏರಿದ ಹೊತ್ತಿಗೆ ವಿದ್ಯುತ್ ಕೊಡುವುದು ವಾರಾಹಿ ಘಟಕಗಳ ಕೆಲಸ. ನಗರಕ್ಕೆ ಬೆಳಕು ಬೇಕಾದಾಗ ಬಿಡುವ ನೀರು, ಗದ್ದೆಗೆ ಬೇಕಾದಾಗಲೇ ಬರಬೇಕೆಂದಿಲ್ಲ. ಮೆಗಾವ್ಯಾಟ್ ಎಣಿಸುವ ಪುಸ್ತಕದಲ್ಲಿ ಸುಗ್ಗಿಗೆ ಜಾಗವಿಲ್ಲ. ಮಾಣಿಯಲ್ಲಿ ಮುಳುಗಿದ ನೆಲಕ್ಕೂ ಇಲ್ಲ. ಎರಡು ನಿಗಮಗಳ ಲೆಕ್ಕ ಒಂದೇ ಜಗಲಿಯಲ್ಲಿ ಕೂಡಬೇಕಾದುದು ಇಲ್ಲಿಯೇ.

ನೀರಿಗಾಗಿ ಕಾದ ವರ್ಷಗಳಲ್ಲಿ ನಮ್ಮಲ್ಲಿ ಎಷ್ಟೋ ಗದ್ದೆಗಳು ಹಡಿಲು ಬಿದ್ದವು. ಮಕ್ಕಳು ಬೆಂಗಳೂರಿನ ಹೋಟೆಲುಗಳಿಗೆ, ಕೊಲ್ಲಿಗೆ ಹೋದರು. ಕಟ್ಟ ಕಟ್ಟುವ ಕೈಗಳೂ ಕಡಿಮೆಯಾದವು. ಅಂದಾಜು ವೆಚ್ಚವನ್ನು ಮತ್ತೆ ಮತ್ತೆ ಪರಿಷ್ಕರಿಸುವಾಗ, ಈ ನೀರನ್ನು ಕಾಯುವವರು ಇನ್ನೂ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನೂ ಎಣಿಸಬೇಕಿತ್ತು. ನಾವೂ ಕೇಳಬೇಕಿತ್ತು. ಕಟ್ಟಕ್ಕೆ ಮಣ್ಣು ತಾರದವನನ್ನು ಅಂಗಳಕ್ಕೆ ಹೋಗಿ ಕೇಳುತ್ತಿದ್ದ ನಾವು, ನಿಗಮವನ್ನು ಕೇಳುವ ಬಾಗಿಲು ಯಾವುದೆಂದು ಹುಡುಕಲೇ ಇಲ್ಲ.