ಗಾಳಿ ಫ್ಯಾನು, ಸಬ್‌ಮೆರೀನು ಮತ್ತು ಅಪ್ಪನ ಹೊಂಡ

ನಮ್ಮ ತೋಟ ಇರೋದು ಹೊಸದುರ್ಗ ತಾಲ್ಲೂಕಿನಲ್ಲಿ. ತೋಟದಲ್ಲಿ ನಿಂತು ತಲೆ ಎತ್ತಿದರೆ ಗುಡ್ಡದ ಮೇಲೆಲ್ಲಾ ಗಾಳಿ ಫ್ಯಾನುಗಳು. ಹೊಳಲ್ಕೆರೆ ಕಡೆ ಹೋದರೂ ಅವೇ, ಚಿತ್ರದುರ್ಗದ ಜೋಗಿಮಟ್ಟಿಯಲ್ಲೂ ಅವೇ. ಆಷಾಢದಲ್ಲಿ ಹಗಲು ರಾತ್ರಿ ಗಿರಗಿರ ತಿರುಗುತ್ತವೆ. ನಮ್ಮ ಬೋರ್‌ವೆಲ್ಲಿಗೆ ತ್ರೀಫೇಸ್ ಕರೆಂಟ್ ಬರೋದು ಮಾತ್ರ ಎಷ್ಟೋ ಸಲ ರಾತ್ರಿ ಎರಡು ಗಂಟೆಗೆ!

ಹೋದ ಬೇಸಿಗೆಯಲ್ಲಿ ಹಾಗೇ ಗೇಟ್ ವಾಲ್ವ್ ತಿರುಗಿಸಲು ಹೋದ ಅಪ್ಪ ಕತ್ತಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಬೆಳಗಾಗುವವರೆಗೂ ಅಮ್ಮನಿಗೂ ಹೇಳಿರಲಿಲ್ಲವಂತೆ. ನಾನು ಬೆಂಗಳೂರಿನಲ್ಲಿ ಎಸಿ ಆಫೀಸಿನಲ್ಲಿ ಕೂತವನು... ಸುದ್ದಿ ಕೇಳಿ ಒಂಥರಾ ನಾಚಿಕೆಯಾಯಿತು.

ಗಾಳಿ ಬೀಸಿದಾಗ ಬಂದ ಕರೆಂಟನ್ನು ಕೂಡಿಡಲು ಆಗಲ್ವಾ ಅಂತ ಓದತೊಡಗಿದೆ. ಕಣ್ಣಿಗೆ ಬಿದ್ದದ್ದು ಫ್ಯೂಯಲ್ ಸೆಲ್. ಕರೆಂಟ್ ಹಾಯಿಸಿ ನೀರನ್ನು ಒಡೆದರೆ ಹೈಡ್ರೋಜನ್ ಸಿಗುತ್ತದೆ. ಅದನ್ನು ಫ್ಯೂಯಲ್ ಸೆಲ್ಲಿನಲ್ಲಿ ಆಮ್ಲಜನಕದ ಜೊತೆ ಸೇರಿಸಿದರೆ ಮತ್ತೆ ಕರೆಂಟು, ಜೊತೆಗೆ ನೀರು. ಹೊಗೆಯಿಲ್ಲ, ಸದ್ದಿಲ್ಲ. 1839ರಲ್ಲೇ ವಿಲಿಯಂ ಗ್ರೋವ್ ಇದನ್ನು ಮಾಡಿ ತೋರಿಸಿದ್ದ.

ಇದರ ಮೇಲೆ ಸೇನೆಗಳಿಗೂ ಕಣ್ಣು. ಡೀಸೆಲ್ ಸಬ್‌ಮೆರೀನು ಬ್ಯಾಟರಿ ಚಾರ್ಜ್ ಮಾಡಲು ಗಾಳಿಗಾಗಿ ಮೇಲೆ ಬರಲೇಬೇಕು, ಬಂದರೆ ಶತ್ರುವಿನ ಕಣ್ಣಿಗೆ ಬೀಳುತ್ತದೆ. ಫ್ಯೂಯಲ್ ಸೆಲ್ ಇದ್ದ ಜರ್ಮನಿಯ ಯು-32 2013ರಲ್ಲಿ 18 ದಿನ ನೀರಿನಡಿಯೇ ಇತ್ತು! ನಮ್ಮ ಚಳ್ಳಕೆರೆಯಲ್ಲಿ 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಶುರುಮಾಡಿದ ಡಿ.ಆರ್.ಡಿ.ಒ. ಕೂಡ ಸಬ್‌ಮೆರೀನಿಗೆಂದೇ ಫಾಸ್ಫಾರಿಕ್ ಆಸಿಡ್ ಬಳಸುವ ಫ್ಯೂಯಲ್ ಸೆಲ್ ತಯಾರಿಸಿ, 2021ರ ಮಾರ್ಚ್‌ನಲ್ಲಿ ನೆಲದ ಮೇಲೆ ಪರೀಕ್ಷಿಸಿ ಗೆದ್ದಿದೆ.

ಊರಿಗೆ ಹೋದವನೇ ಅಪ್ಪನಿಗೆ ಇದನ್ನೆಲ್ಲಾ ಉತ್ಸಾಹದಿಂದ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹತ್ತು ಯೂನಿಟ್ ಹಾಕಿದ್ರೆ ವಾಪಸ್ ಎಷ್ಟು ಬರ್ತದಪ್ಪಾ?"

"ಮೂರೋ ನಾಲ್ಕೋ..."

"ಬ್ಯಾಟ್ರಿಗೆ ಹಾಕಿದ್ರೆ?"

"ಎಂಟು, ಒಂಬತ್ತು."

ಅಪ್ಪ ನಕ್ಕರು. "ಸಬ್‌ಮೆರೀನ್‌ನೋರಿಗೆ ಬೇರೆ ದಾರಿ ಇಲ್ಲ, ಅದಕ್ಕೆ ನಷ್ಟ ತಡ್ಕೋತಾರೆ. ನಂಗೆ ಬೇಕಿರೋದು ಕರೆಂಟಲ್ಲ ಕಣಪ್ಪಾ, ನೀರು. ನೀರನ್ನೇ ಕೂಡಿಟ್ರೆ ಆಗಲ್ವಾ?"

ನನ್ನ ಇಂಜಿನಿಯರಿಂಗ್ ಡಿಗ್ರಿ ತೆಪ್ಪಗಾಯಿತು :)

ಈಗ ತೋಟದ ಮೇಲ್ಗಡೆ ಒಂದು ಹೊಂಡ ತೆಗೆಸಿ ಟಾರ್ಪಾಲ್ ಹಾಸಿದ್ದೇವೆ. ರಾತ್ರಿ ಕರೆಂಟ್ ಬಂದಾಗ ಆಟೋ ಸ್ಟಾರ್ಟರ್ ತಾನೇ ಮೋಟರ್ ಆನ್ ಮಾಡಿ ಹೊಂಡ ತುಂಬಿಸುತ್ತದೆ. ಬೆಳಿಗ್ಗೆ ಕಾಫಿ ಕುಡಿದು ಅಪ್ಪ ವಾಲ್ವ್ ತಿರುಗಿಸಿದರೆ ಅಡಿಕೆ, ತೆಂಗಿಗೆಲ್ಲಾ ನೀರು ತಾನೇ ಇಳಿಯುತ್ತದೆ.

ಫ್ಯೂಯಲ್ ಸೆಲ್ ಅಗ್ಗವಾಗಿ ಹಳ್ಳಿಗೂ ಬರಲಿ, ಬೇಡ ಅನ್ನೋನಲ್ಲ ನಾನು. ಆದರೆ ಹಿರಿಯೂರಿನ ಹತ್ತಿರ ಮಾರಿಕಣಿವೆಗೆ 1907ರಲ್ಲೇ ಅಣೆಕಟ್ಟು ಕಟ್ಟಿ ಮುಗಿಸಿದ ಸೀಮೆ ನಮ್ಮದು. ಕೂಡಿಡೋ ವಿದ್ಯೆ ನಮಗೆ ಹೊಸದಲ್ಲ. ಏನನ್ನು ಕೂಡಿಡಬೇಕು ಅಂತ ಮೊದಲು ಕೇಳಿಕೊಳ್ಳಬೇಕು, ಅಷ್ಟೇ. ನೀವೇನಂತೀರಿ?