ಊರ ಹುಂಡಿಯ ಕೀಲಿ ಯಾರ ಕೈಲಿ?

ವಿನಿಪೆಗ್‌ನಿಂದ ಪಶ್ಚಿಮಕ್ಕೆ ಹೊರಟು ಪೋರ್ಟೇಜ್ ಲಾ ಪ್ರೇರಿ ದಾಟಿದ ಮೇಲೆ 16ನೇ ನಂಬರ್ ಹೆದ್ದಾರಿ ಬಲಕ್ಕೆ ಒಡೆಯುತ್ತದೆ. ಯೆಲ್ಲೋಹೆಡ್ ಹೈವೇ ಅಂತ ಹೆಸರು. ನಮ್ಮಲ್ಲಿ ಟ್ರಕ್ ಓಡಿಸುವವರಿಗೆ ಈ ದಾರಿ ಚೆನ್ನಾಗಿ ಗೊತ್ತು. ಉಳಿದವರು ರೈಡಿಂಗ್ ಮೌಂಟನ್ ಪಾರ್ಕಿಗೆ ಹೋಗುವಾಗ ಒಂದೆರಡು ಸಲ ಹಾದಿರುತ್ತೀರಿ. ಪೆಟ್ರೋಲ್ ಹಾಕಿಸಿ, ಕಾಫಿ ಕುಡಿದು, ಮಕ್ಕಳನ್ನ ಬಾತ್‌ರೂಮಿಗೆ ಕಳಿಸಿ ಮುಂದೆ ಹೋಗಿರುತ್ತೀರಿ. ಈ ಸಲ ಆ ಊರುಗಳಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ.

ಮೊದಲು ಗ್ಲ್ಯಾಡ್‌ಸ್ಟೋನ್. ರಸ್ತೆ ಪಕ್ಕದಲ್ಲೇ ನಗುಮುಖದ ದೊಡ್ಡ ಬಂಡೆಯ ಬೊಂಬೆ, ಹೆಸರು ‘ಹ್ಯಾಪಿ ರಾಕ್’. ತಮ್ಮ ಊರಿನ ಹೆಸರನ್ನ ತಾವೇ ತಮಾಷೆ ಮಾಡಿಕೊಂಡಿದ್ದಾರೆ. ಆಮೇಲೆ ನೀಪಾವಾ. ಕ್ರೀ ಭಾಷೆಯಲ್ಲಿ ಸಮೃದ್ಧಿ ಅಂತ ಅರ್ಥವಂತೆ. ಕಾದಂಬರಿಗಾರ್ತಿ ಮಾರ್ಗರೆಟ್ ಲಾರೆನ್ಸ್ 1926ರಲ್ಲಿ ಹುಟ್ಟಿದ್ದು ಇಲ್ಲೇ. ಇಲ್ಲಿನ ಸ್ಮಶಾನದಲ್ಲಿರುವ ಕಲ್ಲಿನ ದೇವತೆಯನ್ನ ನೋಡಲು ಅವರ ಪುಸ್ತಕ ಓದಿದವರು ದೂರದೂರದಿಂದ ಬರ್ತಾರೆ. ಬೇಸಿಗೆಯಲ್ಲಿ ಊರ ತುಂಬ ಲಿಲ್ಲಿ ಹೂವು.

ಈ ಬಯಲಿನ ಊರುಗಳಲ್ಲಿ ಸಾಮಾನ್ಯವಾಗಿ ಜನ ಕಡಿಮೆಯಾಗ್ತಾ ಹೋಗ್ತಾರೆ. ಓದಿದ ಮಕ್ಕಳು ಕ್ಯಾಲ್ಗರಿ, ವಿನಿಪೆಗ್ ಅಂತ ಹೊರಡ್ತಾರೆ. ನೀಪಾವಾ ಮಾತ್ರ ಉಲ್ಟಾ. 2016ರ ಜನಗಣತಿಯಲ್ಲಿ 4,609 ಇದ್ದದ್ದು 2021ಕ್ಕೆ 5,685 ಆಗಿದೆ. ಕಾರಣ ಊರ ಹೊರಗಿನ ಹಂದಿಮಾಂಸದ ಕಾರ್ಖಾನೆ, ಅಲ್ಲಿ ಕೆಲಸಕ್ಕೆ ಬಂದ ಫಿಲಿಪೈನ್ಸಿನವರು. ಮೊದಲು ಒಬ್ಬೊಬ್ಬರೇ ಬಂದರು, ಆಮೇಲೆ ಹೆಂಡತಿ ಮಕ್ಕಳನ್ನ ಕರೆಸಿಕೊಂಡರು. ಈಗ ಶಾಲೆಯಲ್ಲೂ ಚರ್ಚಿನಲ್ಲೂ ಅವರೇ ಹೆಚ್ಚು ಕಾಣ್ತಾರೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ದಾರಿಯ ಊರುಗಳಲ್ಲಿ ಇಳಿದು ಓಡಾಡಿದರೆ ಒಂದು ವಸ್ತು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಐಸ್ ರಿಂಕಿನ ಬಾಗಿಲಲ್ಲಿ, ಮಕ್ಕಳ ಆಟದ ಮೈದಾನದಲ್ಲಿ, ಲೈಬ್ರರಿಯಲ್ಲಿ ಒಂದು ಚಿಕ್ಕ ಫಲಕ. ಅದರ ಮೇಲೆ ಆ ಭಾಗದ ಕಮ್ಯುನಿಟಿ ಫೌಂಡೇಶನ್ನಿನ ಹೆಸರು. ನೀಪಾವಾದ್ದು ಬ್ಯೂಟಿಫುಲ್ ಪ್ಲೇನ್ಸ್ ಕಮ್ಯುನಿಟಿ ಫೌಂಡೇಶನ್. ಮುಂದಿನ ಮಿನೆಡೋಸಾಕ್ಕೆ ಅದರದ್ದೇ ಬೇರೆ. ಮ್ಯಾನಿಟೋಬಾದಲ್ಲಿ ಇಂಥವು 50ಕ್ಕೂ ಹೆಚ್ಚಿವೆ, ಬಹುಪಾಲು ಹಳ್ಳಿಗಾಡಿನಲ್ಲೇ.

ಇದೇನು ಅಂದ್ರೆ, ಊರಿನ ಹುಂಡಿ ಅಂದುಕೊಳ್ಳಿ. ಒಂದೇ ವ್ಯತ್ಯಾಸ: ಹುಂಡಿಗೆ ಬಿದ್ದ ಅಸಲನ್ನ ಯಾರೂ ಮುಟ್ಟೋ ಹಾಗಿಲ್ಲ. ಯಾರೋ ಅಜ್ಜಿ ತೀರಿಕೊಂಡಾಗ ಉಯಿಲಿನಲ್ಲಿ 10,000 ಡಾಲರ್ ಬಿಟ್ಟುಹೋದರು ಅನ್ನಿ. ಅದನ್ನ ಹೂಡಿಕೆಯಲ್ಲಿ ಇಡ್ತಾರೆ. ಶೇಕಡಾ 4ರಂತೆ ತೆಗೆದರೂ ವರ್ಷಕ್ಕೆ 400 ಡಾಲರ್. ಆ 400 ಮಾತ್ರ ಖರ್ಚಿಗೆ. ಅಜ್ಜಿಯ ಮೊಮ್ಮಕ್ಕಳು ಊರು ಬಿಟ್ಟು ಹೋದರೂ ಅಜ್ಜಿಯ ದುಡ್ಡು ಊರಲ್ಲೇ ಇರುತ್ತದೆ. ಜಮೀನು ಮಾರಿದ ಹಣ ಮಕ್ಕಳ ಜೊತೆ ಪಟ್ಟಣಕ್ಕೆ ಹೊರಟುಹೋಗುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇದಕ್ಕೆಲ್ಲ ಮೂಲ ನಮ್ಮ ವಿನಿಪೆಗ್ಗೇ. 1921ರಲ್ಲಿ ವಿಲಿಯಂ ಅಲೋವೇ ಅನ್ನೋ ಬ್ಯಾಂಕರ್ 1,00,000 ಡಾಲರ್ ಕೊಟ್ಟು ವಿನಿಪೆಗ್ ಫೌಂಡೇಶನ್ ಶುರು ಮಾಡಿದರು. ಕೆನಡಾದ ಮೊದಲ ಕಮ್ಯುನಿಟಿ ಫೌಂಡೇಶನ್ ಅದು. ನನಗೆ ಇಷ್ಟವಾಗಿದ್ದು ಎರಡನೇ ದೇಣಿಗೆಯ ಕತೆ. 1924ರಲ್ಲಿ ಒಂದು ಲಕೋಟೆ ಬಂತು. ಒಳಗೆ ಐದು ಡಾಲರಿನ ಮೂರು ಚಿನ್ನದ ನಾಣ್ಯ, ಒಟ್ಟು 15 ಡಾಲರ್. ಕೊಟ್ಟವರ ಹೆಸರಿಲ್ಲ, ‘ವಿಧವೆಯ ಕಾಣಿಕೆ’ ಅಂತ ಮಾತ್ರ ಬರೆದಿತ್ತು. ಇವತ್ತಿಗೂ ಆ ಸಂಸ್ಥೆಯವರು ಲಕ್ಷದ ಮಾತು ಬಂದಲ್ಲೆಲ್ಲ ಈ ಹದಿನೈದನ್ನೂ ಸೇರಿಸಿಯೇ ಹೇಳ್ತಾರೆ.

ಹುಂಡಿ ಇದ್ದರೆ ಸಾಲದು, ಯಾರಿಗೆ ಕೊಡೋದು ಅಂತ ತೀರ್ಮಾನಿಸುವವರು ಬೇಕು. ಅದೇ ಮಂಡಳಿ. ಈ ದಾರಿಯ ಒಂದು ಪುಟ್ಟ ಊರಿನಲ್ಲಿ (ಹೆಸರು ಬೇಡ, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು) ನಾನು ವಾರಕ್ಕೊಮ್ಮೆ ಸರಕು ಇಳಿಸ್ತೀನಿ. ಅಲ್ಲಿ ಪರಿಚಯವಾದ ನಿವೃತ್ತ ಟೀಚರ್ ಒಬ್ಬರು ಅಂಥ ಮಂಡಳಿಯಲ್ಲಿ ಬಹಳ ವರ್ಷ ಇದ್ದವರು. ಅವರೇ ವಾರ್ಷಿಕ ಸಭೆಗೆ ಕರೆದರು. ಯಾರು ಬೇಕಾದರೂ ಬರಬಹುದಂತೆ. ಸಮುದಾಯ ಭವನದ ನೆಲಮಾಳಿಗೆ, ಮಡಿಸೋ ಕುರ್ಚಿ, ಒಂದು ಮೇಜಿನ ಮೇಲೆ ಮನೆಯಲ್ಲಿ ಮಾಡಿದ ಸಿಹಿ ತಿಂಡಿ. ಮಂಡಳಿಯವರು ಅಂದ್ರೆ ಕನೋಲಾ ಬೆಳೆಯುವ ಒಬ್ಬ ರೈತ, ಕ್ರೆಡಿಟ್ ಯೂನಿಯನ್‌ನಲ್ಲಿ ಕೆಲಸ ಮಾಡೋ ಹೆಂಗಸು, ಒಬ್ಬ ನರ್ಸ್, ಇನ್ಶೂರೆನ್ಸ್ ಏಜೆಂಟ್, ಪುರಸಭೆಯ ಒಬ್ಬ ಕೌನ್ಸಿಲರ್, ನಮ್ಮ ಟೀಚರ್. ಯಾರಿಗೂ ಸಂಬಳ ಇಲ್ಲ.

ನಮ್ಮ ಹಾಸನ ಕಡೆಯ ಹಾಲಿನ ಸೊಸೈಟಿ ನೋಡಿದವರಿಗೆ ಈ ಚಿತ್ರ ಹೊಸದಲ್ಲ. ನನ್ನ ದೊಡ್ಡಪ್ಪ ಡೈರಿ ಡೈರೆಕ್ಟರ್ ಆಗಿದ್ದಾಗ ಬೆಳಿಗ್ಗೆ ಆರಕ್ಕೇ ಜಗಲಿ ಮೇಲೆ ನಾಲ್ಕು ಜನ ಕೂತಿರ್ತಿದ್ದರು. ಇಲ್ಲಿ ಜಗಲಿ ಇಲ್ಲ, ದಿನಸಿ ಅಂಗಡಿ ಸಾಲು ಇದೆ. ಟೀಚರ್ ಹೇಳಿದ್ದು: “ದುಡ್ಡು ಕೊಡೋದು ಕಷ್ಟ ಅಲ್ಲಪ್ಪ. ಇಲ್ಲ ಅಂದವರ ಮುಖವನ್ನ ಮಾರನೇ ದಿನ ಅಂಗಡೀಲಿ ನೋಡೋದು ಕಷ್ಟ.” ಒಂದು ವರ್ಷ ಕೊಡೋಕೆ ಇದ್ದದ್ದು ಸ್ವಲ್ಪ. ಅರ್ಜಿ ಕರ್ಲಿಂಗ್ ಕ್ಲಬ್ಬಿನ ಛಾವಣಿಗೆ ಒಂದು, ವೃದ್ಧಾಶ್ರಮದ ವ್ಯಾನಿಗೆ ಒಂದು, ಶಿಶುವಿಹಾರದ ಬೇಲಿಗೆ ಒಂದು. ಶಿಶುವಿಹಾರ ನಡೆಸೋದು ರೈತನ ಸೊಸೆ. ನಿಯಮದ ಪ್ರಕಾರ ಆತ ಸಂಬಂಧ ಹೇಳಿ, ಎದ್ದು ಹೊರಗೆ ಹೋಗಿ, ಚಳಿಯಲ್ಲಿ ಟ್ರಕ್ಕಿನೊಳಗೆ ಕೂತಿದ್ದನಂತೆ. ಬೇಲಿಗೆ ಹಣ ಸಿಗಲಿಲ್ಲ. ವ್ಯಾನಿಗೆ ಸಿಕ್ಕಿತು. “ಆತ ಒಳಗಿದ್ದಿದ್ರೆ ನಾವು ಬೇಲಿಗೇ ಕೈ ಎತ್ತಿರ್ತಿದ್ವಿ,” ಅಂದರು ಟೀಚರ್. ನಮ್ಮ ಕಡೆಯ ಸಭೆಗಳಲ್ಲಿ ಹೀಗೆ ಎದ್ದು ಹೋದವರನ್ನ ನಾನಂತೂ ನೋಡಿಲ್ಲ.

ಇನ್ನೊಂದು ತೊಡಕು ಕಾನೂನಿನದು. ಫೌಂಡೇಶನ್ ಸಾಮಾನ್ಯವಾಗಿ ನೋಂದಾಯಿತ ಚಾರಿಟಿಗೋ ಪುರಸಭೆಗೋ ಹಣ ಕೊಡುತ್ತದೆ. ಕರ್ಲಿಂಗ್ ಕ್ಲಬ್ಬಿಗೆ ಚಾರಿಟಿ ನಂಬರ್ ಇಲ್ಲದಿದ್ದರೆ ಪುರಸಭೆ ಮೂಲಕ ಬರಬೇಕು. 2022ರಲ್ಲಿ ಈ ಕಟ್ಟು ಸ್ವಲ್ಪ ಸಡಿಲವಾಗಿದೆ, ಆದರೆ ಲೆಕ್ಕಪತ್ರದ ಕೆಲಸ ಜಾಸ್ತಿ. ಹಾಗಾಗಿ ಯಾರ ಹತ್ತಿರ ಅರ್ಜಿ ಬರೆಯೋರು ಇದ್ದಾರೋ ಅವರಿಗೆ ಸಿಗುತ್ತದೆ. ಹೊಸದಾಗಿ ಬಂದವರ ಸಂಘಗಳಿಗೆ ಇದೇ ಏಟು. ಬಾಸ್ಕೆಟ್‌ಬಾಲ್ ಆಡುವ ಹುಡುಗರ ಗುಂಪಿಗೆ ನಂಬರೂ ಇಲ್ಲ, ಇಂಥದ್ದೊಂದು ಹುಂಡಿ ಇದೆ ಅಂತ ಹೇಳೋರೂ ಇಲ್ಲ.

ಮೇಜಿನ ಸುತ್ತ ಕೂತವರಿಗೆ ಗೊತ್ತಿರುವ ಕಷ್ಟ ಮಾತ್ರ ಮೇಜಿನ ಮೇಲೆ ಬರೋದು. ಟೀಚರಿಗೆ ಕರ್ಲಿಂಗ್ ಛಾವಣಿ ಎಲ್ಲಿ ಸೋರುತ್ತೆ ಅಂತ ಗೊತ್ತು, ನಲವತ್ತು ವರ್ಷ ಅಲ್ಲೇ ಆಡಿದ್ದಾರೆ. ರಾತ್ರಿ ಪಾಳಿಗೆ ಹೋಗೋ ತಾಯಿ ಮಗುವನ್ನ ಯಾರ ಹತ್ತಿರ ಬಿಡ್ತಾಳೆ ಅನ್ನೋದು ಅವರಿಗೆ ಗೊತ್ತಿಲ್ಲ. ಇದನ್ನ ಅವರೇ ಒಪ್ಪಿಕೊಂಡರು. ಮಂಡಳಿಯಲ್ಲಿ ಒಂದು ಜಾಗ ಎರಡು ವರ್ಷದಿಂದ ಖಾಲಿ. ಕಾರ್ಖಾನೆ ಕೆಲಸದವರನ್ನ ಕೇಳಿದರೆ, “ಅದೆಲ್ಲ ದುಡ್ಡಿದ್ದವರಿಗೆ” ಅಂತಾರಂತೆ. ದುಡ್ಡು ಹಾಕಲೇಬೇಕು ಅಂತ ಅಲ್ಲಿ ನಿಯಮವೇ ಇಲ್ಲ. ಇನ್ನೊಂದು ಕಾರಣ ಬಹಳ ಸರಳ: ಸಭೆ ಇಡ್ತಿದ್ದದ್ದು ಮಂಗಳವಾರ ಮಧ್ಯಾಹ್ನ ಎರಡಕ್ಕೆ. ಪಾಳಿ ಬಿಟ್ಟು ಯಾರು ಬರ್ತಾರೆ?

ನಮ್ಮಲ್ಲೂ ಬ್ರಾಂಡನ್, ವಿಂಕ್ಲರ್, ಮಾರ್ಡನ್ ಕಡೆ ಕೆಲಸ ಸಿಕ್ಕಿ ಮನೆ ಮಾಡಿರುವವರು ಇದ್ದೀರಿ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ವಾಟ್ಸಾಪಿನಲ್ಲಿ ಕರೆ ಬಂದರೆ ತಡ ಮಾಡದೆ ಕಳಿಸ್ತೀವಿ, ಕಳಿಸಲೂ ಬೇಕು. ನಮ್ಮ ಮಕ್ಕಳು ಸ್ಕೇಟಿಂಗ್ ಕಲಿಯೋದು ಮಾತ್ರ ಇಲ್ಲಿನ ರಿಂಕಿನಲ್ಲಿ. ಆ ರಿಂಕಿಗೆ ಹೊಸ ಬಾಗಿಲು ಬೇಕೋ ಬೇಡವೋ ಅನ್ನೋ ಮಾತು ನಡೆಯುವ ಕಡೆ ನಮ್ಮವರು ಒಬ್ಬರಾದರೂ ಇರಬೇಡವೇ?

ಮಂಡಳಿಗೆ ಆರಿಸುವ ರೀತಿ ಊರಿಂದ ಊರಿಗೆ ಬೇರೆ, ಹಾಗಾಗಿ ನಿಮ್ಮ ಊರಿನದ್ದನ್ನ ಅಲ್ಲೇ ಕೇಳಬೇಕು. ವಾರ್ಷಿಕ ಸಭೆಯ ಸೂಚನೆ ಸ್ಥಳೀಯ ಪತ್ರಿಕೆಯಲ್ಲೋ ಪುರಸಭೆ ಕಚೇರಿಯ ಬೋರ್ಡಿನಲ್ಲೋ ನೋಡಿ. ಮಂಡಳಿ ದೊಡ್ಡದು ಅನ್ನಿಸಿದರೆ ಮೊದಲು ಅರ್ಜಿ ಓದುವ ಉಪಸಮಿತಿಗೆ ಸೇರಬಹುದು, ಕೆಲವು ಊರುಗಳಲ್ಲಿ ಹೈಸ್ಕೂಲ್ ಮಕ್ಕಳಿಗೂ ಅಂಥ ಸಮಿತಿ ಇದೆ. ಟೀಚರ್ ಊರಿನಲ್ಲಿ ಈಗ ಸಭೆಯನ್ನ ಸಂಜೆ ಏಳಕ್ಕೆ ಹಾಕಿದ್ದಾರೆ. ಖಾಲಿ ಜಾಗ ಇನ್ನೂ ಖಾಲಿಯೇ ಇದೆ. ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸು ಎರಡು ಸಭೆಗೆ ಬಂದು ಸುಮ್ಮನೆ ಕೂತು ಕೇಳಿ ಹೋಗಿದ್ದಾರಂತೆ.